ಹಾಲು ಕಕ್ಕುವ ಮಗುವಿಗೆ ಯಾವ ಪರೀಕ್ಷೆ, ಯಾವಾಗ?

ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಮೂರರಲ್ಲಿ ಎರಡು ಕೂಸುಗಳು ದಿನಕ್ಕೊಮ್ಮೆಯಾದರೂ ಕುಡಿದ ಹಾಲನ್ನು ಕಕ್ಕುತ್ತವೆ. ಅಮೆರಿಕದ ಶಿಕಾಗೋ ಸುತ್ತಲಿನ ಮಕ್ಕಳ ವೈದ್ಯರು 900ಕ್ಕೂ ಹೆಚ್ಚು ತಂದೆತಾಯಂದಿರನ್ನು ವಿಚಾರಿಸಿ 1997ರಲ್ಲಿ ಪ್ರಕಟಿಸಿದ ಲೆಕ್ಕವಿದು. ಮೊದಲ ಮೂರು ತಿಂಗಳಲ್ಲಿ ಅರ್ಧದಷ್ಟು ಮಕ್ಕಳು, ನಾಲ್ಕನೆಯ ತಿಂಗಳಲ್ಲಿ ಶೇ 67, ಹತ್ತರಿಂದ ಹನ್ನೆರಡು ತಿಂಗಳಿಗೆ ಬಂದಾಗ ಬರೀ ಶೇ 5. ಔಷಧ ಕೊಟ್ಟರೂ ಸರಿ, ಬಿಟ್ಟರೂ ಸರಿ, ಹೆಚ್ಚಿನ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ಇದು ತಾನಾಗಿ ನಿಲ್ಲುತ್ತದೆ.

ಆದರೂ ಮಕ್ಕಳ ಕ್ಲಿನಿಕ್ಕಿಗೆ ಬರುವ ಎಷ್ಟೋ ಫೈಲುಗಳಲ್ಲಿ ಹೊಟ್ಟೆಯ ಸ್ಕ್ಯಾನ್, ಮಿಲ್ಕ್ ಸ್ಕ್ಯಾನ್, ಬೇರಿಯಂ ಎಕ್ಸ್‌ರೇ, ಜತೆಗೆ ಎರಡು ಮೂರು ಸಿರಪ್ಪಿನ ಚೀಟಿ ಇರುತ್ತವೆ. ಮಗುವಿನ ತೂಕ ಬರೆದ ಹಾಳೆ ಮಾತ್ರ ಇರುವುದಿಲ್ಲ. ಮಕ್ಕಳ ಆಸಿಡ್ ರಿಫ್ಲಕ್ಸ್ (ಜಠರದಲ್ಲಿದ್ದದ್ದು ಮೇಲಕ್ಕೆ ಮರಳುವುದು) ವಿಚಾರದಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಹೇಳಿಬಿಡುವ ಪರೀಕ್ಷೆ ಇಲ್ಲ. ಒಂದೊಂದು ಪರೀಕ್ಷೆಯೂ ತನ್ನದೇ ಆದ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ, ಉಳಿದದ್ದರ ಬಗ್ಗೆ ಸುಮ್ಮನಿರುತ್ತದೆ. ಚೀಟಿ ಹಿಡಿದು ಲ್ಯಾಬಿಗೆ ಹೊರಡುವ ಮೊದಲು ವೈದ್ಯರನ್ನು ಕೇಳಬೇಕಾದದ್ದು ಇಷ್ಟೆ: ಇದರಿಂದ ಏನು ತಿಳಿಯುತ್ತದೆ? ತಿಳಿದ ಮೇಲೆ ನೀವು ಮಾಡುವ ಚಿಕಿತ್ಸೆ ಬದಲಾಗುತ್ತದೆಯೇ?

ಕಕ್ಕುವುದು ಯಾಕೆ, ಕಾಯಿಲೆ ಯಾವಾಗ

ಅನ್ನನಾಳ ಜಠರಕ್ಕೆ ಸೇರುವಲ್ಲಿ ಒಂದು ಸ್ನಾಯುವಿನ ಬಿಗಿ ಇದೆ. ನುಂಗಿದಾಗ ಅದು ಸಡಿಲವಾಗಿ ಆಮೇಲೆ ಮುಚ್ಚಿಕೊಳ್ಳುತ್ತದೆ. ಈ ಸ್ನಾಯು ದುರ್ಬಲವಾಗಿರುವುದರಿಂದಲೇ ಆಸಿಡ್ ಮೇಲಕ್ಕೆ ಬರುತ್ತದೆ ಎಂದು ಬಹಳ ಕಾಲ ನಂಬಲಾಗಿತ್ತು. 1980ರ ಸುಮಾರಿಗೆ ಆಸ್ಟ್ರೇಲಿಯಾದ ಜಾನ್ ಡೆಂಟ್ ಮತ್ತು ಸಂಗಡಿಗರು ಬೇರೆಯದನ್ನೇ ತೋರಿಸಿದರು: ಗಟ್ಟಿಮುಟ್ಟಾಗಿರುವ ಸ್ನಾಯು ಕೂಡ ನುಂಗದೇ ಇರುವಾಗಲೂ ಆಗಾಗ ಕೆಲವು ಸೆಕೆಂಡು ತಾನಾಗಿ ಸಡಿಲಗೊಳ್ಳುತ್ತದೆ, ರಿಫ್ಲಕ್ಸ್ ಬಹುಮಟ್ಟಿಗೆ ಆಗುವುದು ಆ ಗಳಿಗೆಯಲ್ಲಿ. ದೊಡ್ಡವರಲ್ಲೂ ಊಟವಾದ ಮೇಲೆ ಇದು ನಡೆಯುತ್ತಲೇ ಇರುತ್ತದೆ. ಕೂಸಿನ ಅನ್ನನಾಳ ಗಿಡ್ಡ, ಆಹಾರವೆಲ್ಲ ದ್ರವ, ದಿನದ ಹೆಚ್ಚು ಹೊತ್ತು ಮಲಗಿರುವ ಭಂಗಿ. ಹಾಗಾಗಿ ಮೇಲೆ ಬಂದದ್ದು ಬಾಯಿಯವರೆಗೂ ಬರುತ್ತದೆ. ಮಗು ಕೂರಲು ಕಲಿತು, ರಾಗಿ ಸರಿ, ಮೆತ್ತಗಿನ ಅನ್ನ ತಿನ್ನಲು ಶುರುಮಾಡಿದಾಗ ಕಕ್ಕುವುದೂ ಇಳಿಯುತ್ತದೆ.

ಹೀಗೆ ಕಕ್ಕಿದರೂ ಆಡಿಕೊಂಡಿರುವ, ಹಾಲಿಗೆ ಹಾತೊರೆಯುವ, ತೂಕ ಏರುತ್ತಿರುವ ಮಗುವಿಗೆ ಇರುವುದು ರಿಫ್ಲಕ್ಸ್ ಅಷ್ಟೇ, ಕಾಯಿಲೆಯಲ್ಲ. ಅದರಿಂದ ತೊಂದರೆಯೋ ಹಾನಿಯೋ ಆದಾಗ ಮಾತ್ರ ಅದು ರಿಫ್ಲಕ್ಸ್ ಕಾಯಿಲೆ: ತೂಕ ನಿಲ್ಲುವುದು, ಹಾಲನ್ನೇ ನಿರಾಕರಿಸುವುದು, ರಕ್ತ ಕಾರುವುದು, ಅನ್ನನಾಳದ ಒಳಪದರ ಉರಿಯೂತದಿಂದ ಕೆಂಪಾಗಿ ಹುಣ್ಣಾಗುವುದು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳು, ಸೆರೆಬ್ರಲ್ ಪಾಲ್ಸಿಯಂಥ ನರಸಂಬಂಧಿ ತೊಂದರೆ ಇರುವವರು, ಹುಟ್ಟುವಾಗಲೇ ಅನ್ನನಾಳ ತುಂಡಾಗಿದ್ದು ಶಸ್ತ್ರಚಿಕಿತ್ಸೆ ಆದವರು, ಜಠರದ ಮೇಲ್ಭಾಗ ಎದೆಗೂಡಿನತ್ತ ಜಾರಿದ ಹಯಾಟಸ್ ಹರ್ನಿಯಾ ಇರುವವರು ಇವರಲ್ಲಿ ಅದರ ಸಾಧ್ಯತೆ ಹೆಚ್ಚು. ಇವರ ವಿಷಯದಲ್ಲಿ ಕಾದು ನೋಡುವ ತಾಳ್ಮೆ ಕಡಿಮೆಯಿರಬೇಕು.

ಗೊಂದಲವಾಗುವುದು ಅಳುವಿನಿಂದ. ಸಂಜೆಯಾದರೆ ಬೆನ್ನು ಬಿಲ್ಲಿನಂತೆ ಬಾಗಿಸಿ ಕಿರುಚುವ ಮಗುವನ್ನು ಕಂಡರೆ ಅಜ್ಜಿಗೆ ದೃಷ್ಟಿ ತಾಗಿದಂತೆ, ಪಕ್ಕದ ಮನೆಯವರಿಗೆ ಗ್ಯಾಸ್ಟ್ರಿಕ್ ಆದಂತೆ ಕಾಣುತ್ತದೆ. ವೈದ್ಯರೂ ಆಸಿಡ್ ಎಂದುಕೊಂಡು ಔಷಧ ಬರೆಯುವುದುಂಟು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ನಂಬಿಕೆಯನ್ನು ನೇರವಾಗಿ ಒರೆಗೆ ಹಚ್ಚಿತು. ಹಾಲು ಕುಡಿಯುವಾಗಲೋ ಕುಡಿದ ಮೇಲೋ ಅಳುವ, ರಿಫ್ಲಕ್ಸ್ ಇದೆ ಎಂದುಕೊಂಡ 162 ಕೂಸುಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಆಸಿಡ್ ತಡೆಯುವ ಲ್ಯಾನ್ಸೊಪ್ರಜೋಲ್, ಇನ್ನೊಂದಕ್ಕೆ ಅದರಂತೆಯೇ ಕಾಣುವ ಸಪ್ಪೆ ಔಷಧ ಕೊಟ್ಟರು. ಎರಡೂ ಗುಂಪಿನಲ್ಲಿ ಸುಧಾರಿಸಿದವರು ಶೇ 54, ಒಂದಂಕಿಯೂ ಆಚೀಚೆ ಇಲ್ಲ. ಔಷಧ ಪಡೆದ ಗುಂಪಿನಲ್ಲಿ ಮಾತ್ರ ಶ್ವಾಸಕೋಶದ ಸೋಂಕು ಹೆಚ್ಚು ಕಂಡಿತು. ‘ಔಷಧ ಕೊಟ್ಟು ನೋಡೋಣ, ಕಡಿಮೆಯಾದರೆ ಅದೇ ಕಾಯಿಲೆ’ ಎಂಬ ದಾರಿ ಕೂಸುಗಳಲ್ಲಿ ಮುಚ್ಚಿದ್ದು ಇಂಥ ಪುರಾವೆಗಳಿಂದ. ಅಮೆರಿಕ ಮತ್ತು ಯುರೋಪಿನ ಮಕ್ಕಳ ಜಠರರೋಗ ತಜ್ಞರ ಸಂಘಗಳು 2018ರಲ್ಲಿ ಹೊರತಂದ ಜಂಟಿ ಮಾರ್ಗಸೂಚಿ ಇದನ್ನು ಬಿಡಿಸಿ ಹೇಳುತ್ತದೆ: ಕೂಸುಗಳಲ್ಲಿ ಆಸಿಡ್ ಔಷಧದ ಪ್ರಯೋಗವನ್ನು ರೋಗಪತ್ತೆಯ ಸಾಧನವಾಗಿ ಬಳಸಬಾರದು, ಬರೀ ಅಳುವಿಗೆ, ಕಣ್ಣಿಗೆ ಕಾಣುವಂತೆ ಕಕ್ಕುವ ಆರೋಗ್ಯವಂತ ಮಗುವಿಗೆ ಔಷಧ ಬೇಡ.

ಮೊದಲ ಪರೀಕ್ಷೆ ಮನೆಯಲ್ಲೇ

ತಾಯಿ ಕಾರ್ಡಿನ ಒಳಪುಟದಲ್ಲಿರುವ ಬೆಳವಣಿಗೆಯ ರೇಖಾಚಿತ್ರವನ್ನು ತೆಗೆದು ನೋಡಿ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿ ಚುಕ್ಕೆ ಇಡಬೇಕಾದದ್ದು ಅಲ್ಲಿಯೇ. ಮೊದಲ ಮೂರು ತಿಂಗಳಲ್ಲಿ ಮಗು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಹುಟ್ಟಿದ ತೂಕ ಐದು ತಿಂಗಳ ಆಸುಪಾಸಿನಲ್ಲಿ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು ಆಗುತ್ತದೆ. ಚುಕ್ಕೆಗಳನ್ನು ಸೇರಿಸಿದ ಗೆರೆ ಅಚ್ಚಿನ ಗೆರೆಗಳ ಜತೆಜತೆಗೆ ಮೇಲೇರುತ್ತಿದ್ದರೆ, ಬಟ್ಟೆ ಎಷ್ಟು ಸಲ ಒದ್ದೆಯಾದರೂ, ಗಾಬರಿಗೆ ಕಾರಣವಿಲ್ಲ. ಅಡ್ಡಡ್ಡ ಹೋಗಿದ್ದರೆ ಅಥವಾ ಕೆಳಗಿನ ಗೆರೆಯತ್ತ ಜಾರಿದ್ದರೆ ವೈದ್ಯರು ಉಳಿದದ್ದೆಲ್ಲ ಬಿಟ್ಟು ಮೊದಲು ಅದನ್ನು ನೋಡಬೇಕು. ಒಂದೇ ತಕ್ಕಡಿ, ಬಟ್ಟೆ ಬಿಚ್ಚಿದ ಮಗು ಎಂಬ ಎರಡು ನಿಯಮ ಪಾಲಿಸದಿದ್ದರೆ ಅಂಕಿ ನಂಬುವಂತಿರುವುದಿಲ್ಲ.

ಎರಡನೆಯದು ಎಷ್ಟು ಕುಡಿಯುತ್ತದೆ ಎಂಬ ಲೆಕ್ಕ. ಬಾಟಲಿ ಹಾಲು ಕುಡಿಯುವ ಮಗುವಿಗೆ ಮೊದಲ ತಿಂಗಳುಗಳಲ್ಲಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 150 ಮಿಲಿಲೀಟರ್ ಸಾಕು. ಐದು ಕಿಲೋ ಮಗುವಿಗೆ 750. ಅದೇ ಮಗು ಲೀಟರ್ ದಾಟುತ್ತಿದ್ದರೆ ಕಕ್ಕುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಅತ್ತಾಗಲೆಲ್ಲ ಬಾಟಲಿ, ಕಕ್ಕಿದ ಮೇಲೆ ‘ಹೊಟ್ಟೆ ಖಾಲಿಯಾಯಿತು’ ಎಂದು ಮತ್ತೆ ಬಾಟಲಿ, ಇದು ನಮ್ಮ ಮನೆಗಳಲ್ಲಿ ತೀರಾ ಸಾಮಾನ್ಯ. ಎದೆಹಾಲು ಕುಡಿಯುವ ಮಗುವಾದರೆ ಯಾರಾದರೂ ತಿಳಿದವರು ಒಮ್ಮೆ ಪೂರ್ತಿ ಹಾಲೂಡುವುದನ್ನು ಕುಳಿತು ನೋಡಬೇಕು. ಮಗು ಎದೆ ಹಿಡಿದಿರುವ ರೀತಿ, ಗಾಳಿ ನುಂಗುತ್ತಿದೆಯೇ, ತೇಗು ಬರಿಸುವ ಮೊದಲೇ ಮಲಗಿಸುತ್ತಾರೆಯೇ ಎಂಬುದೆಲ್ಲ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ.

ಮೂರನೆಯದು ಮೊಬೈಲು. ‘ಹೀಗೆ ಹೀಗೆ ಮಾಡುತ್ತೆ ಡಾಕ್ಟ್ರೇ’ ಎಂದು ಅಭಿನಯಿಸಿ ತೋರಿಸುವುದಕ್ಕಿಂತ ಒಂದು ನಿಮಿಷದ ವಿಡಿಯೊ ಎಷ್ಟೋ ಮೇಲು. ಹಾಲು ತುಟಿಯಂಚಿನಿಂದ ಸುಮ್ಮನೆ ಹರಿಯುವುದೂ, ಹೊಟ್ಟೆ ಹಿಂಡಿ ಚಿಮ್ಮುವುದೂ ಬೇರೆ ಬೇರೆ ದಾರಿಗೆ ಕರೆದೊಯ್ಯುವ ಸುಳಿವುಗಳು. ಕೆಲವು ಮಕ್ಕಳು ಹಾಲು ಕುಡಿದ ಮೇಲೆ ಕತ್ತನ್ನು ಒಂದು ಕಡೆಗೆ ತಿರುಚಿ ಬೆನ್ನನ್ನು ಹಿಂದಕ್ಕೆ ಸೆಟೆಸುತ್ತಾರೆ. ನೋಡಿದವರಿಗೆ ಫಿಟ್ಸ್ ಎನಿಸುತ್ತದೆ. ಲಂಡನ್ನಿನ ನರರೋಗ ತಜ್ಞ ಪಾಲ್ ಸ್ಯಾಂಡಿಫರ್ ಗುರುತಿಸಿದ ಈ ಭಂಗಿಯನ್ನು 1964ರಲ್ಲಿ ಮಾರ್ಸೆಲ್ ಕಿನ್ಸ್‌ಬೋರ್ನ್ ವರದಿ ಮಾಡಿದರು. ಇದು ರಿಫ್ಲಕ್ಸಿಗೆ ದೇಹ ತೋರಿಸುವ ಪ್ರತಿಕ್ರಿಯೆ, ಮಿದುಳಿನ ಕಾಯಿಲೆಯಲ್ಲ. ವಿಡಿಯೊ ಇದ್ದರೆ ತಜ್ಞರು ಅನುಮಾನವನ್ನು ಅಲ್ಲೇ ಬಗೆಹರಿಸಬಹುದು, ಫಿಟ್ಸ್ ಔಷಧ ವೃಥಾ ಶುರುವಾಗುವುದು ತಪ್ಪುತ್ತದೆ.

ಕಾಯಬಾರದ ವಾಂತಿ

ಹಸಿರು ವಾಂತಿ. ಈ ಒಂದನ್ನು ನೆನಪಿಟ್ಟರೂ ಸಾಕು. ಕೂಸು, ಅದರಲ್ಲೂ ಹುಟ್ಟಿ ಕೆಲವೇ ದಿನವಾದದ್ದು, ಸೊಪ್ಪಿನ ರಸದ ಬಣ್ಣದ ಪಿತ್ತ ಕಾರಿದರೆ ಕರುಳು ತಿರುಚಿಕೊಂಡಿರಬಹುದು. ರಕ್ತ ಸಂಚಾರ ನಿಂತ ಕರುಳು ಗಂಟೆಗಳಲ್ಲಿ ಕೊಳೆಯುತ್ತದೆ. ಇದು ರಾತ್ರಿಯೇ ಆದರೂ ಮಕ್ಕಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೊರಡುವ ಹೊತ್ತು; ಅಲ್ಲಿ ಬೇರಿಯಂನಂಥ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಮೂರರಿಂದ ಆರು ವಾರದ ಮಗು, ಹೆಚ್ಚಾಗಿ ಗಂಡುಮಗು, ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ, ಮಾಡಿದ ಮರುಗಳಿಗೆಯೇ ಹಸಿವಿನಿಂದ ಬಾಯಿ ಹಾಕಿದರೆ ಜಠರದ ಕೆಳಬಾಯಿಯ ಸ್ನಾಯು ದಪ್ಪಗಾಗಿ ದಾರಿ ಕಟ್ಟಿರಬಹುದು. ಇದಕ್ಕೆ ಅಲ್ಟ್ರಾಸೌಂಡ್ ಅತ್ಯುತ್ತಮ. ಅದೇ ಅಲ್ಟ್ರಾಸೌಂಡ್ ರಿಫ್ಲಕ್ಸ್ ಕಾಯಿಲೆ ಇದೆಯೋ ಇಲ್ಲವೋ ಹೇಳಲಾರದು. ‘ರಿಫ್ಲಕ್ಸ್ ಕಂಡಿತು’ ಎಂಬ ವರದಿ ಬಂದರೆ ಆ ಗಳಿಗೆಯಲ್ಲಿ ಹಾಲು ಮೇಲೆ ಬಂದದ್ದು ಕಂಡಿತು ಎಂದಷ್ಟೇ ಅರ್ಥ.

ರಕ್ತ ಅಥವಾ ಕಾಫಿಪುಡಿಯಂಥ ವಾಂತಿ, ನೆತ್ತಿಯ ಮೆದುಭಾಗ ಉಬ್ಬಿಕೊಂಡಿರುವುದು, ಜ್ವರ, ಮಂಕು, ಹೊಟ್ಟೆ ಬಿಗಿದು ಉಬ್ಬರಿಸುವುದು, ಮಲದಲ್ಲಿ ರಕ್ತ, ಬೆಳಗಿನ ಜಾವ ಎದ್ದು ಮಾಡುವ ವಾಂತಿ ಇವು ಯಾವುವೂ ಸಾಮಾನ್ಯ ರಿಫ್ಲಕ್ಸಿನ ಲೆಕ್ಕಕ್ಕೆ ಬರುವಂಥವಲ್ಲ. ವಯಸ್ಸೂ ಒಂದು ಸುಳಿವು. ಆರು ತಿಂಗಳವರೆಗೆ ಕಕ್ಕದೇ ಇದ್ದ ಮಗು ಆಮೇಲೆ ಹೊಸದಾಗಿ ಶುರುಮಾಡಿದರೆ, ಅಥವಾ ಒಂದೂವರೆ ವರ್ಷವಾದರೂ ನಿಲ್ಲದಿದ್ದರೆ, ಬೇರೆ ಕಾರಣ ಹುಡುಕಬೇಕು. ಜ್ವರದ ಜತೆ ವಾಂತಿಯಿರುವ ಕೂಸಿಗೆ ಮೂತ್ರ ಪರೀಕ್ಷೆಯನ್ನು ಮರೆಯುವುದು ದೊಡ್ಡ ಲೋಪ. ದುಬಾರಿ ಸ್ಕ್ಯಾನುಗಳೆಲ್ಲ ಮುಗಿದ ಮೇಲೆ ಮೂತ್ರದ ಸೋಂಕು ಸಿಗುವುದುಂಟು.

ಹಾಲೇ ಒಗ್ಗದಿದ್ದರೆ

ಹಸುವಿನ ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವ ಕೂಸು ರಿಫ್ಲಕ್ಸ್ ಇರುವ ಕೂಸಿನಂತೆಯೇ ಕಾಣುತ್ತದೆ: ಕಕ್ಕುತ್ತದೆ, ಅಳುತ್ತದೆ, ಹಾಲು ಬೇಡವೆನ್ನುತ್ತದೆ. ಇವೆರಡನ್ನು ಬೇರ್ಪಡಿಸುವ ರಕ್ತಪರೀಕ್ಷೆ ಇಲ್ಲ. ಇರುವ ಪರೀಕ್ಷೆ ಅಡುಗೆಮನೆಯಲ್ಲಿ. ಎದೆಹಾಲು ಕುಡಿಯುವ ಮಗುವಾದರೆ ತಾಯಿ ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥಗಳನ್ನೆಲ್ಲ ಬಿಟ್ಟು ನೋಡಬೇಕು. ಡಬ್ಬಿ ಹಾಲಿನ ಮಗುವಿಗೆ ಪ್ರೋಟೀನನ್ನು ಒಡೆದು ತಯಾರಿಸಿದ ವಿಶೇಷ ಪುಡಿ ಕೊಟ್ಟು ನೋಡಬೇಕು. ಮೇಕೆ ಹಾಲು, ಎಮ್ಮೆ ಹಾಲಿಗೆ ಬದಲಿಸಿದರೆ ಪ್ರಯೋಜನವಿಲ್ಲ, ಆ ಪ್ರೋಟೀನುಗಳೂ ಹೆಚ್ಚುಕಡಿಮೆ ಒಂದೇ.

ಬಾಣಂತಿಗೆ ಹಾಲು ಬಿಡಿ ಎನ್ನುವುದು ನಮ್ಮಲ್ಲಿ ಸುಲಭದ ಮಾತಲ್ಲ. ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆಯವರೆಗೆ, ನಡುವೆ ಪೇಡ, ಬಿಸ್ಕತ್ತು, ಪನೀರ್, ಎಲ್ಲದರಲ್ಲೂ ಅದೇ. ತುಪ್ಪದಲ್ಲೂ ಪ್ರೋಟೀನಿನ ಚೂರುಪಾರು ಉಳಿದಿರಬಹುದು. ಅರ್ಧಂಬರ್ಧ ಬಿಟ್ಟು ‘ಏನೂ ಪ್ರಯೋಜನ ಆಗಲಿಲ್ಲ’ ಎಂದರೆ ಪರೀಕ್ಷೆ ನಡೆದೇ ಇಲ್ಲವೆಂದು ಲೆಕ್ಕ. ಆ ದಿನಗಳಲ್ಲಿ ತಾಯಿಗೆ ಸುಣ್ಣಾಂಶ ಸಾಲದಾಗದಂತೆ ರಾಗಿ, ಎಳ್ಳು, ಬೇಕಾದರೆ ಮಾತ್ರೆ ಇರಲಿ. ಇನ್ನೊಂದು ಹಂತವನ್ನು ಹೆಚ್ಚಿನವರು ಮಾಡುವುದೇ ಇಲ್ಲ: ಮಗು ಸುಧಾರಿಸಿದ ಮೇಲೆ, ವೈದ್ಯರ ಗಮನದಲ್ಲಿಟ್ಟು, ಹಾಲನ್ನು ಮತ್ತೆ ಶುರುಮಾಡುವುದು. ಲಕ್ಷಣ ಮರಳಿದರೆ ಅಲರ್ಜಿ ಖಚಿತ. ಮರಳದಿದ್ದರೆ ಮಗು ಬೆಳೆದು ತಾನಾಗಿ ಸುಧಾರಿಸಿತ್ತು, ತಾಯಿ ಸುಮ್ಮನೆ ವರ್ಷಗಟ್ಟಲೆ ಪಥ್ಯ ಮಾಡಬೇಕಿಲ್ಲ.

ಮಾತಾಡಬಲ್ಲ ಮಕ್ಕಳು

ಎಂಟು ವರ್ಷದೊಳಗಿನ ಮಗು ‘ಎದೆ ಉರಿ’ ಎನ್ನುವುದನ್ನು ನೆಚ್ಚುವುದು ಕಷ್ಟ. ‘ಹೊಟ್ಟೆ ನೋವು’ ಎಂದು ಹೊಕ್ಕಳ ಮೇಲೆ ಕೈಯಿಟ್ಟರೆ ರಿಫ್ಲಕ್ಸ್ ಇರುವ ಸಂಭವ ಕಡಿಮೆ. ಇನ್ನೂ ದೊಡ್ಡ ಹುಡುಗ ಹುಡುಗಿಯರು ಎದೆಮೂಳೆಯ ಹಿಂದೆ ಉರಿ, ಬಾಯಿಗೆ ಬರುವ ಹುಳಿನೀರು, ಮಲಗಿದರೆ ಹೆಚ್ಚಾಗುವುದು ಎಂದು ಸ್ಪಷ್ಟವಾಗಿ ಹೇಳಿದರೆ, ಅಪಾಯದ ಚಿಹ್ನೆಗಳಿಲ್ಲದಿದ್ದರೆ, ನಾಲ್ಕರಿಂದ ಎಂಟು ವಾರ ಆಸಿಡ್ ತಡೆಯುವ ಔಷಧ ಕೊಟ್ಟು ನೋಡುವುದು ಸಮ್ಮತ. ಕೂಸುಗಳಲ್ಲಿ ಸಲ್ಲದ್ದು ಇಲ್ಲಿ ಸಲ್ಲುತ್ತದೆ. ಒಮೆಪ್ರಜೋಲ್ ಜಾತಿಯ ಔಷಧಗಳನ್ನು ತಿಂಡಿಗೆ ಅರ್ಧ ಗಂಟೆ ಮೊದಲು ಕೊಡಬೇಕು. ಊಟದ ಮೇಲೆ ಕೊಟ್ಟು ಫಲ ಸಿಗಲಿಲ್ಲವೆಂದರೆ ಅದು ಔಷಧದ ತಪ್ಪಲ್ಲ. ಅವಧಿ ಮುಗಿದ ಮೇಲೆ ನಿಲ್ಲಿಸಬೇಕು. ನಿಲ್ಲಿಸಿದಾಗಲೆಲ್ಲ ಲಕ್ಷಣ ಮರಳಿದರೆ, ಇಲ್ಲವೇ ಮೊದಲಿಗೇ ಗುಣ ಕಾಣದಿದ್ದರೆ, ಡೋಸ್ ಏರಿಸುವ ಬದಲು ತಜ್ಞರ ಬಳಿ ಎಂಡೋಸ್ಕೋಪಿಯ ಮಾತಾಡಬೇಕು.

ಊಟವಾಗಿ ಕೆಲವೇ ನಿಮಿಷಕ್ಕೆ, ಓಕರಿಕೆಯೂ ಇಲ್ಲದೆ, ತಿಂದದ್ದು ಬಾಯಿಗೆ ಬಂದು ಅದನ್ನೇ ಮತ್ತೆ ಅಗಿದು ನುಂಗುವ ಮಕ್ಕಳಿದ್ದಾರೆ. ರಾತ್ರಿ ನಿದ್ದೆಯಲ್ಲಿ ಹೀಗಾಗುವುದಿಲ್ಲ. ಇದು ಮೆಲುಕು ಹಾಕುವ ಅಭ್ಯಾಸ, ಆಸಿಡ್ ಔಷಧ ಇದಕ್ಕೆ ನಾಟುವುದಿಲ್ಲ. ಹೊಟ್ಟೆಯಿಂದ ಉಸಿರಾಡುವ ತರಬೇತಿಯಿಂದ ಸರಿಹೋಗುತ್ತದೆ. ಬಿಡದ ಒಣಕೆಮ್ಮು, ದನಿ ಗೊಗ್ಗರಾಗುವುದಕ್ಕೆಲ್ಲ ರಿಫ್ಲಕ್ಸನ್ನು ದೂರುವ ರೂಢಿಯೂ ಇದೆ. ಗಂಟಲಿನೊಳಗೆ ಇಣುಕಿ ಕೆಂಪು ಕಂಡಿತೆಂದು ಆಸಿಡ್ ಎಂದು ತೀರ್ಮಾನಿಸುವಂತಿಲ್ಲ.

ಯಂತ್ರಗಳು ಹೇಳುವುದೆಷ್ಟು

ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಅನ್ನನಾಳ ಮತ್ತು ಜಠರದ ಆಕಾರ ತೋರಿಸುತ್ತದೆ. ಹಯಾಟಸ್ ಹರ್ನಿಯಾ, ಕಿರಿದಾದ ಜಾಗ, ಕರುಳಿನ ತಪ್ಪು ಸುತ್ತು, ಅನ್ನನಾಳದ ಕೆಳಬಾಯಿ ತೆರೆಯದಿರುವ ಅಕಲೇಶಿಯಾ ಇವನ್ನು ಪತ್ತೆಹಚ್ಚಲು ಅದು ಬೇಕು. ರಿಫ್ಲಕ್ಸ್ ಕಾಯಿಲೆ ತೀರ್ಮಾನಿಸಲು ಬೇಡ, ಏಕೆಂದರೆ ಆರೋಗ್ಯವಂತ ಮಗುವಿನಲ್ಲೂ ಆ ಕೆಲವು ನಿಮಿಷಗಳಲ್ಲಿ ಬೇರಿಯಂ ಮೇಲೆ ಬರಬಹುದು, ಕಾಯಿಲೆಯ ಮಗುವಿನಲ್ಲಿ ಬರದಿರಬಹುದು. ನಮ್ಮಲ್ಲಿ ಹೆಚ್ಚು ಬರೆಯುವ ಮಿಲ್ಕ್ ಸ್ಕ್ಯಾನ್ ಕೂಡ ಅಷ್ಟೇ. ಹಾಲಿಗೆ ಅತ್ಯಲ್ಪ ವಿಕಿರಣ ವಸ್ತು ಬೆರೆಸಿ ಕುಡಿಸಿ ಕ್ಯಾಮೆರಾದ ಕೆಳಗೆ ಮಲಗಿಸುತ್ತಾರೆ. ಜಠರ ಎಷ್ಟು ಬೇಗ ಖಾಲಿಯಾಗುತ್ತದೆ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತಿದೆಯೇ ಎಂಬ ಅನುಮಾನಕ್ಕೆ ಅದರಲ್ಲಿ ಉತ್ತರ ಸಿಗಬಹುದು. ರಿಫ್ಲಕ್ಸ್ ಕಾಯಿಲೆಯ ವಾಡಿಕೆಯ ಪರೀಕ್ಷೆಯಾಗಿ ಅದನ್ನು 2018ರ ಮಾರ್ಗಸೂಚಿ ಒಪ್ಪುವುದಿಲ್ಲ.

ಆಸಿಡ್ಡನ್ನೇ ಅಳೆಯಬೇಕೆಂದರೆ ಪಿಎಚ್ ಪರೀಕ್ಷೆ ಇದೆ. ಎರಡು ಮಿಲಿಮೀಟರ್ ಆಸುಪಾಸಿನ ತೆಳು ನಳಿಕೆಯನ್ನು ಮೂಗಿನ ಮೂಲಕ ಅನ್ನನಾಳಕ್ಕೆ ಇಳಿಸಿ, ಎಕ್ಸ್‌ರೇಯಲ್ಲಿ ಅದರ ತುದಿ ಎಲ್ಲಿದೆ ಎಂದು ನೋಡಿ, ಕೆನ್ನೆಗೆ ಟೇಪ್ ಹಚ್ಚಿ, ಒಂದು ಪುಟ್ಟ ರೆಕಾರ್ಡರಿಗೆ ಜೋಡಿಸುತ್ತಾರೆ. ಮಗು ಒಂದು ಹಗಲು ಒಂದು ರಾತ್ರಿ ಹಾಗೇ ಇರಬೇಕು. ಈ ಪರೀಕ್ಷೆಯ ಅರ್ಧ ಕೆಲಸ ಪಕ್ಕದಲ್ಲಿರುವ ತಾಯಿಯದು. ಕೆಮ್ಮಿದಾಗ, ಅತ್ತಾಗ, ಕಕ್ಕಿದಾಗ ಆಯಾ ಗುಂಡಿ ಒತ್ತಬೇಕು. ಹಾಲು ಶುರುವಾದ ಹೊತ್ತು, ಮುಗಿದ ಹೊತ್ತು, ಮಲಗಿಸಿದ ಹೊತ್ತು ಬರೆಯಬೇಕು. ನಿದ್ದೆಗಣ್ಣಿನಲ್ಲಿ ಗುಂಡಿ ಒತ್ತುವುದು ತಪ್ಪಿದರೆ ಮೇಲೆ ಬಂದ ಆಸಿಡ್ಡಿಗೂ ಆ ಕೆಮ್ಮಿಗೂ ಸಂಬಂಧವಿತ್ತೇ ಎಂಬ ಪ್ರಶ್ನೆಗೆ ಉತ್ತರವೇ ಸಿಗದು. ಇಡೀ ಪರೀಕ್ಷೆ ಮಾಡಿಸುವುದು ಮುಖ್ಯವಾಗಿ ಆ ಸಂಬಂಧಕ್ಕಾಗಿ. ಪಿಎಚ್ 4ಕ್ಕಿಂತ ಕೆಳಗಿದ್ದ, ಅಂದರೆ ಆಸಿಡ್ ಇದ್ದ, ಹೊತ್ತು ಒಟ್ಟು ಹೊತ್ತಿನ ಶೇ 7ಕ್ಕಿಂತ ಹೆಚ್ಚಿದ್ದರೆ ಅಸಹಜ, 3ಕ್ಕಿಂತ ಕಡಿಮೆಯಿದ್ದರೆ ಸಹಜ, ನಡುವೆ ಬಂದರೆ ಹೇಳುವಂತಿಲ್ಲ ಎಂಬುದು ಅದೇ ಸಂಘಗಳ 2009ರ ಮಾರ್ಗಸೂಚಿ ಕೊಟ್ಟ ಗಡಿ.

ಇದಕ್ಕೊಂದು ಕೊರತೆಯಿದೆ. ಕುಡಿದ ಹಾಲು ಜಠರದ ಆಸಿಡ್ಡನ್ನು ಒಂದೆರಡು ಗಂಟೆ ಮೆತ್ತಗೆ ಮಾಡಿಬಿಡುತ್ತದೆ. ಎರಡು ಗಂಟೆಗೊಮ್ಮೆ ಕುಡಿಯುವ ಕೂಸಿನಲ್ಲಿ ಮೇಲೆ ಬಂದದ್ದು ಎಷ್ಟೋ ಸಲ ಆಸಿಡ್ ಆಗಿರುವುದಿಲ್ಲ, ಆಗ ನಳಿಕೆಗೆ ಗೊತ್ತಾಗುವುದೂ ಇಲ್ಲ. ಅದಕ್ಕಾಗಿ ಈಗ ಇಂಪಿಡೆನ್ಸ್ ಸೇರಿಸಿದ ನಳಿಕೆ ಬಂದಿದೆ. ಕೆಳಗಿನಿಂದ ಮೇಲೆ ಸಾಲಾಗಿರುವ ಸಂವೇದಕಗಳು ವಿದ್ಯುತ್ ತಡೆ ಇಳಿಯುವುದನ್ನು ಗಮನಿಸಿ, ಆಸಿಡ್ ಇರಲಿ ಇಲ್ಲದಿರಲಿ, ದ್ರವ ಎಷ್ಟು ಎತ್ತರಕ್ಕೆ ಏರಿತು ಎನ್ನುತ್ತವೆ. ಈ ಸೌಲಭ್ಯ ದೊಡ್ಡ ಊರುಗಳ ಕೆಲವೇ ಆಸ್ಪತ್ರೆಗಳಲ್ಲಿ ಇರುವುದರಿಂದ ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿಕೊಳ್ಳಿ.

ಉರಿಯೂತ ಕಾಣಬೇಕೆಂದರೆ

ಮೇಲೆ ಹೇಳಿದ ಯಾವ ಪರೀಕ್ಷೆಯೂ ಅನ್ನನಾಳದಲ್ಲಿ ಉರಿಯೂತ ಇದೆಯೋ ಇಲ್ಲವೋ ಹೇಳದು. ಅದಕ್ಕೆ ಒಳಗೆ ಕ್ಯಾಮೆರಾ ಇಳಿಸಲೇಬೇಕು, ಇಳಿಸಿದ ಮೇಲೆ ಒಳಪದರದ ತುಣುಕು (ಬಯಾಪ್ಸಿ) ತೆಗೆಯಲೇಬೇಕು. ಕೂಸುಗಳಿಗೆ 6 ಮಿಲಿಮೀಟರಿಗಿಂತ ತೆಳುವಾದ ಎಂಡೋಸ್ಕೋಪ್ ಬರುತ್ತದೆ. ಮಕ್ಕಳಿಗೆ ಇದನ್ನು ಅರಿವಳಿಕೆ ಕೊಟ್ಟೇ ಮಾಡುವುದು. ಒಳಗಿನ ಕೆಲಸ ಹೆಚ್ಚೆಂದರೆ ಕಾಲು ಗಂಟೆ, ತಯಾರಿ ಮತ್ತು ಎಚ್ಚರವಾಗುವುದು ಸೇರಿ ಅರ್ಧ ದಿನ. ಎದೆಹಾಲಿಗೆ 4 ಗಂಟೆ, ಡಬ್ಬಿ ಹಾಲಿಗೂ ಹಗುರ ತಿಂಡಿಗೂ 6 ಗಂಟೆ ಹೊಟ್ಟೆ ಖಾಲಿ ಬಿಡುವುದು ಸಾಮಾನ್ಯ ನಿಯಮ. ಅಜ್ಜಿ ಮರುಕಪಟ್ಟು ಕೊಟ್ಟ ಒಂದು ಬಿಸ್ಕತ್ತಿನಿಂದ ಆ ದಿನದ ಎಂಡೋಸ್ಕೋಪಿ ರದ್ದಾಗುತ್ತದೆ.

ಬರಿಗಣ್ಣಿಗೆ ಹುಣ್ಣು, ಸವೆತ ಕಂಡರೆ ಆಸಿಡ್ ಹಾನಿ ಮಾಡಿದೆ ಎನ್ನಬಹುದು. ಏನೂ ಕಾಣದಿದ್ದರೆ ರಿಫ್ಲಕ್ಸ್ ಕಾಯಿಲೆ ಇಲ್ಲವೆಂದಲ್ಲ. ಲಕ್ಷಣವಿರುವ ಎಷ್ಟೋ ಮಕ್ಕಳ ಅನ್ನನಾಳ ನೋಡಲು ಚೆನ್ನಾಗಿಯೇ ಇರುತ್ತದೆ. ‘ಎಂಡೋಸ್ಕೋಪಿ ನಾರ್ಮಲ್, ಬಯಾಪ್ಸಿ ತೆಗೆದಿಲ್ಲ’ ಎಂಬ ವರದಿ ಅರ್ಧಕ್ಕೆ ನಿಂತ ಪರೀಕ್ಷೆ. ಮಗುವಿಗೆ ಅರಿವಳಿಕೆ ಕೊಟ್ಟಾಗಿದೆ, ಕ್ಯಾಮೆರಾ ಒಳಗಿದೆ. ಒಂದೆರಡು ಮಿಲಿಮೀಟರ್ ತುಣುಕುಗಳನ್ನು ತೆಗೆಯದೆ ಹೊರಬರುವುದಕ್ಕೆ ಸಕಾರಣ ನನಗೆ ಕಾಣುವುದಿಲ್ಲ. ಈ ಮಾತನ್ನು ಸಮ್ಮತಿ ಪತ್ರಕ್ಕೆ ಸಹಿ ಹಾಕುವಾಗಲೇ ಕೇಳಿ.

ಉರಿಯೂತವೆಲ್ಲ ಆಸಿಡ್‌ನಿಂದಲೇ ಬರುವುದಿಲ್ಲ. ಮೊಡವೆಗೆಂದು ಕೊಟ್ಟ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು ಗುಟುಕು ನೀರಿನಲ್ಲಿ ನುಂಗಿ ತಕ್ಷಣ ಮಲಗುವ ಹದಿಹರೆಯದವರಲ್ಲಿ ಅದು ಅಂಟಿಕೊಂಡ ಜಾಗ ಸುಡುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದ ಮಕ್ಕಳಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ, ಹರ್ಪಿಸ್ ವೈರಸ್ ಇದೇ ಕೆಲಸ ಮಾಡುತ್ತವೆ. ಟಾಯ್ಲೆಟ್ ಕ್ಲೀನರ್ ಕುಡಿದ ಮಗುವಿಗೆ ಮನೆಯಲ್ಲಿ ವಾಂತಿ ಮಾಡಿಸಬೇಡಿ, ಹೋದ ದಾರಿಯಲ್ಲೇ ಅದು ಮತ್ತೊಮ್ಮೆ ಸುಡುತ್ತದೆ. ರಿಮೋಟು, ಆಟಿಕೆಗಳ ಗುಂಡಿ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಗೋಡೆ ಸುಡಲು ಶುರುವಾಗುತ್ತದೆ. ಇದ್ದಕ್ಕಿದ್ದಂತೆ ಜೊಲ್ಲು ಸುರಿಸಿ ನುಂಗಲು ನಿರಾಕರಿಸುವ ಪುಟ್ಟ ಮಗುವಿಗೆ ಗ್ಯಾಸ್ಟ್ರಿಕ್ ಸಿರಪ್ ಕೊಟ್ಟು ಬೆಳಗಿನವರೆಗೆ ಕಾಯಬಾರದು, ಎಕ್ಸ್‌ರೇ ಆಗಲೇ ಬೇಕು.

ಚಪಾತಿಯ ತುತ್ತಿಗೊಂದು ಗುಟುಕು ನೀರು

ಆಸಿಡ್ಡಿನ ವೇಷದಲ್ಲಿ ಬಂದು ಹೆಚ್ಚು ದಿನ ಮೋಸ ಮಾಡುವುದು ಈಸಿನೋಫಿಲಿಕ್ ಈಸೊಫಜೈಟಿಸ್. ಇದೊಂದು ಅಲರ್ಜಿ ಜಾತಿಯ ಉರಿಯೂತ. 1993ರಲ್ಲಿ ಸ್ಟೀಫನ್ ಆಟ್‌ವುಡ್ ಮತ್ತು ಸಂಗಡಿಗರು ದೊಡ್ಡವರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಎಂದು ವಿವರಿಸಿದರು. ಎರಡು ವರ್ಷದ ಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೆವಿನ್ ಕೆಲಿ ಮತ್ತಿತರರು, ರಿಫ್ಲಕ್ಸ್ ಎಂದು ಚಿಕಿತ್ಸೆ ಪಡೆದೂ ಗುಣವಾಗದ ಹತ್ತು ಮಕ್ಕಳಿಗೆ ಎಲ್ಲ ಆಹಾರ ನಿಲ್ಲಿಸಿ ಬರೀ ಅಮೈನೊ ಆಮ್ಲದ ಪುಡಿಯ ಹಾಲು ಕೊಟ್ಟರು. ಎಂಟು ಮಕ್ಕಳ ಲಕ್ಷಣ ಪೂರ್ತಿ ಮಾಯವಾಯಿತು, ಇಬ್ಬರದು ಇಳಿಯಿತು. ಆಸಿಡ್ ಎಂದು ಚಿಕಿತ್ಸೆ ನಡೆಸಿದ್ದ ತೊಂದರೆಗೆ ಊಟವೇ ಕಾರಣವೆಂದು ತಿಳಿಯಿತು.

ವಯಸ್ಸಿಗೆ ತಕ್ಕಂತೆ ಇದರ ಮುಖ ಬೇರೆ. ಕೂಸು ತಿನ್ನಲು ಹಟ ಮಾಡುತ್ತದೆ, ಶಾಲೆಯ ವಯಸ್ಸಿನದು ವಾಂತಿ, ಹೊಟ್ಟೆನೋವು ಎನ್ನುತ್ತದೆ, ಹದಿಹರೆಯದವರಿಗೆ ಊಟ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಮಕ್ಕಳು ಚಾಲಾಕಿಗಳು, ತೊಂದರೆಯ ಸುತ್ತ ದಾರಿ ಮಾಡಿಕೊಳ್ಳುತ್ತಾರೆ. ಊಟದ ತಟ್ಟೆಯ ಮುಂದೆ ಕುಳಿತ ಹುಡುಗನನ್ನು ಸುಮ್ಮನೆ ನೋಡಿ. ಚಪಾತಿಯನ್ನು ಉಗುರಿನಷ್ಟು ಹರಿಯುತ್ತಾನೆ, ಪಲ್ಯದಲ್ಲಿ ಮುಳುಗಿಸಿ ನೆನೆಸುತ್ತಾನೆ, ಅಗಿದೇ ಅಗಿಯುತ್ತಾನೆ, ಪ್ರತಿ ತುತ್ತಿಗೂ ಒಂದು ಗುಟುಕು ನೀರು ಕುಡಿಯುತ್ತಾನೆ. ಬ್ರೆಡ್ಡು, ಕೋಳಿ ತುಂಡು ಪಕ್ಕಕ್ಕಿಟ್ಟು ಮೊಸರನ್ನ ಕೇಳುತ್ತಾನೆ. ಮನೆಯವರೆಲ್ಲ ಎದ್ದು ಕೈತೊಳೆದರೂ ಅವನ ತಟ್ಟೆ ಅರ್ಧವೇ. ‘ತಿನ್ನಲು ಸೋಮಾರಿ’ ಎಂದು ಬೈಸಿಕೊಳ್ಳುವ ಈ ಹುಡುಗನಿಗೆ ಆಸ್ತಮಾ, ಎಕ್ಸಿಮಾ, ಮೂಗಿನ ಅಲರ್ಜಿ ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ. ‘ನುಂಗಲು ಕಷ್ಟವೇ?’ ಎಂದು ಕೇಳಿದರೆ ಅವನು ಇಲ್ಲ ಎಂದೇ ಹೇಳುತ್ತಾನೆ. ಅವನಿಗೆ ಗೊತ್ತಿರುವುದೇ ಆ ಬಗೆಯ ನುಂಗುವಿಕೆ. ‘ಊಟಕ್ಕೆ ಎಷ್ಟು ಹೊತ್ತು? ನೀರಿಲ್ಲದೆ ತಿನ್ನಬಲ್ಲೆಯಾ?’ ಎಂದು ಕೇಳಬೇಕು.

ಆರೋಗ್ಯವಂತ ಅನ್ನನಾಳದಲ್ಲಿ ಈಸಿನೋಫಿಲ್ ಎಂಬ ರಕ್ತಕಣ ಇರುವುದೇ ಇಲ್ಲ. ಸೂಕ್ಷ್ಮದರ್ಶಕದ ಒಂದು ನೋಟದ ವಲಯದಲ್ಲಿ 15 ಅಥವಾ ಹೆಚ್ಚು ಎಣಿಕೆಗೆ ಸಿಕ್ಕಿ, ಬೇರೆ ಕಾರಣ ಇಲ್ಲವೆಂದಾದರೆ ಕಾಯಿಲೆ ಖಚಿತ. ಉರಿಯೂತ ಅಲ್ಲಲ್ಲಿ ಮಚ್ಚೆಯಾಗಿ ಇರುವುದರಿಂದ ಮೇಲೆ ಕೆಳಗೆ ಸೇರಿ ಕನಿಷ್ಠ ಆರು ತುಣುಕು ತೆಗೆಯಬೇಕು. ಒಂದೇ ತುಣುಕು ತೆಗೆದ ವರದಿ ‘ಇಲ್ಲ’ ಎಂದರೆ ನಂಬಬೇಡಿ. ಮೊದಲು ಆಸಿಡ್ ಔಷಧ ಕೊಟ್ಟು ಅದಕ್ಕೆ ಜಗ್ಗದಿದ್ದರೆ ಮಾತ್ರ ಈ ಹೆಸರಿಡಬೇಕು ಎಂಬ ಹಳೆಯ ನಿಯಮವನ್ನು 2018ರ ಅಂತರರಾಷ್ಟ್ರೀಯ ಒಮ್ಮತ ಕೈಬಿಟ್ಟಿತು, ಏಕೆಂದರೆ ಆಸಿಡ್ ಔಷಧಗಳೇ ಕೆಲವರಲ್ಲಿ ಈ ಉರಿಯೂತವನ್ನು ಇಳಿಸುತ್ತವೆ.

ಇದೇ ಕಾರಣಕ್ಕೆ ಪರೀಕ್ಷೆಗೆ ಮೊದಲೇ ತಿಂಗಳುಗಟ್ಟಲೆ ಕೊಟ್ಟ ಔಷಧ ಬಯಾಪ್ಸಿಯನ್ನು ಮಸುಕುಗೊಳಿಸಬಹುದು. ಮಗು ಯಾವ ಔಷಧ ತೆಗೆದುಕೊಳ್ಳುತ್ತಿದೆ, ಎಂಡೋಸ್ಕೋಪಿಗೆ ಮುನ್ನ ಎಷ್ಟು ವಾರ ನಿಲ್ಲಿಸಬೇಕು ಎಂದು ತಜ್ಞರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಚೀಟಿಗಳನ್ನೆಲ್ಲ ಒಯ್ಯಿರಿ. ಕಲ್ಮಶದ ಕಾರಣಕ್ಕೆ ಅಮೆರಿಕ 2020ರಲ್ಲಿ ಮಾರುಕಟ್ಟೆಯಿಂದ ತೆಗೆಸಿದ, ನಮ್ಮ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ 2022ರಲ್ಲಿ ಬಿಟ್ಟುಹೋದ ಆಸಿಡ್ ಔಷಧ ರಾನಿಟಿಡಿನ್, ಬ್ರಿಟನ್ 2019ರಲ್ಲಿ 12 ವರ್ಷದೊಳಗಿನವರಿಗೆ ಅನುಮತಿ ಹಿಂತೆಗೆದ ವಾಂತಿ ಔಷಧ ಡೊಂಪೆರಿಡೋನ್ ನಮ್ಮ ಮನೆಗಳ ಫ್ರಿಜ್ಜಿನ ಬಾಗಿಲಲ್ಲಿ ಈಗಲೂ ಸಿಗುತ್ತವೆ. ಹಳೆಯ ಬಯಾಪ್ಸಿ ಆಗಿದ್ದರೆ ವರದಿಯ ಜತೆ ಸ್ಲೈಡುಗಳನ್ನೂ ಕೇಳಿ ಪಡೆಯಿರಿ. ಮೊದಲ ಸಲ ಎಣಿಸದ ಈಸಿನೋಫಿಲ್‌ಗಳನ್ನು ಅವೇ ಸ್ಲೈಡುಗಳಲ್ಲಿ ಮತ್ತೆ ಎಣಿಸಬಹುದು, ಮಗುವಿಗೆ ಇನ್ನೊಂದು ಅರಿವಳಿಕೆ ತಪ್ಪುತ್ತದೆ.

ಈ ಕಾಯಿಲೆ ಎಂದಾದ ಮೇಲೆ ಮುಖ್ಯ ದಾರಿ ಮೂರು: ಆಸಿಡ್ ಔಷಧ, ನುಂಗಿಸುವ ಸ್ಟಿರಾಯ್ಡ್, ಇಲ್ಲವೇ ಹಾಲಿನಿಂದ ಶುರುಮಾಡಿ ಆಹಾರ ಬಿಟ್ಟು ನೋಡುವುದು. ಯಾವುದನ್ನು ಹಿಡಿದರೂ ಎರಡು ಮೂರು ತಿಂಗಳ ಮೇಲೆ ಮತ್ತೆ ಎಂಡೋಸ್ಕೋಪಿ, ಮತ್ತೆ ಬಯಾಪ್ಸಿ. ಹುಡುಗ ಚೆನ್ನಾಗಿ ತಿನ್ನುತ್ತಿದ್ದಾನೆ, ಇನ್ನೇಕೆ ಎಂದು ಇದನ್ನು ಬಿಡುವವರೇ ಹೆಚ್ಚು. ಲಕ್ಷಣ ಇಳಿದರೂ ಒಳಗಿನ ಉರಿಯೂತ ಹಾಗೇ ಮುಂದುವರಿದು ವರ್ಷಗಳಲ್ಲಿ ಅನ್ನನಾಳ ಕಿರಿದಾಗುವುದುಂಟು. ಹಾಲು ಬಿಟ್ಟದ್ದು ಫಲಿಸಿದೆಯೇ ಎಂದು ಹೇಳಬಲ್ಲದ್ದು ಆ ಎರಡನೆಯ ಬಯಾಪ್ಸಿ ಮಾತ್ರ. ಅದರ ದಿನಾಂಕವನ್ನು ಮೊದಲ ವರದಿ ಕೈಗೆ ಬಂದ ದಿನವೇ ಗೊತ್ತುಮಾಡಿಕೊಂಡು ಬನ್ನಿ.